ಶಟರ್ ಇಳಿದ ಮ್ಯಾಲಿನ ಅರ್ಧ ತಾಸು ಯಾರ ಲೆಕ್ಕಕ್ಕ?

(1/8)

ನಮ್ಮ ಕಡೆ ಕಿರಾಣಿ ಅಂಗಡಿಯಾಗ ಒಂದು ಬೋರ್ಡ್ ಇರ್ತೈತಿ. "ಇಂದು ನಗದು, ನಾಳೆ ಉದ್ರಿ." ನಾಳೆ ಹೋದ್ರೂ ಅದೇ ಬೋರ್ಡ್, ಹಂಗಾಗಿ ಉದ್ರಿ ಯಾವತ್ತೂ ಇಲ್ಲ. ವ್ಯಾಪಾರ ಅಂದ ಮ್ಯಾಲೆ ಹಂಗ ಇರಬೇಕು, ತಪ್ಪೇನಿಲ್ಲ.

ಆದ್ರ ಆ ಬೋರ್ಡಿನ ಕೆಳಗ ನಿಂತು ಕೆಲಸ ಮಾಡೋ ಹುಡುಗ ಹುಡುಗಿಯರು ದಿನಾ ಸಾವ್ಕಾರ್ರಿಗೆ ಉದ್ರಿ ಕೊಡ್ತಾರ. ರೊಕ್ಕ ಅಲ್ಲ, ಹೊತ್ತು. ಮುಂಜಾನೆ ಹದಿನೈದು ಮಿನಿಟು, ಮಧ್ಯಾಹ್ನ ಊಟದ ಹೊತ್ತಿನಾಗ ಇಪ್ಪತ್ತು ಮಿನಿಟು, ರಾತ್ರಿ ಅರ್ಧ ತಾಸು. ಈ ಉದ್ರಿಗೆ ಬಡ್ಡಿ ಇಲ್ಲ, ಖಾತೆ ಪುಸ್ತಕ ಇಲ್ಲ, ತೀರಿಸೋ ತಾರೀಖೂ ಇಲ್ಲ.

ಬೆಳವಣಕಿಯಿಂದ, ಸುತ್ತಲಿನ ಹಳ್ಳಿಗಳಿಂದ ಬಸ್ ಹತ್ತಿ ರೋಣಕ್ಕ, ಗದಗಕ್ಕ ಹೋಗೋರಾಗ ಮೂರು ಥರದವರು ಇರ್ತಾರ. ಕಾಲೇಜಿಗೆ ಹೋಗೋರು, ಕೆಲಸಕ್ಕ ಹೋಗೋರು, ಕಾಲೇಜು ಮುಗಿಸಿ ಹಂಗ ಕೆಲಸಕ್ಕ ಹೋಗೋರು. ಬಟ್ಟಿ ಅಂಗಡಿ, ಮೊಬೈಲ್ ಅಂಗಡಿ, ಮೆಡಿಕಲ್ ಶಾಪ್, ಪೆಟ್ರೋಲ್ ಬಂಕ್, ಹೋಟೆಲ್, ಆಡಿಟರ್ ಆಫೀಸು. ಇವರ್ಯಾರೂ ಫ್ಯಾಕ್ಟರಿ ಕಾರ್ಮಿಕರಲ್ಲ. ಯೂನಿಯನ್ ಇಲ್ಲ, ಸೈರನ್ ಇಲ್ಲ, ಪಂಚಿಂಗ್ ಮಷಿನ್ ಇಲ್ಲ. ಕಾರ್ಮಿಕರ ಹಕ್ಕು ಅಂದ ಕೂಡಲೇ ನಮ್ಮ ಕಣ್ಣ ಮುಂದ ಇವರು ಬರೋದೂ ಇಲ್ಲ.

ಈ ಸಲದ ಸರಣಿ ಇವರ ಹೊತ್ತಿನ ಬಗ್ಗೆ. ಎಂಟು ಪೋಸ್ಟ್ ಐತಿ. ಲೆಕ್ಕಾನೂ ಐತಿ, ಕಾನೂನೂ ಐತಿ. ಬಸ್ ಬರೋತನಕ ಓದ್ರಿ.

(2/8)

ಮೊದಲು ಈ ಹೊತ್ತು ಎಲ್ಲೆಲ್ಲಿ ಸೋರ್ತೈತಿ ನೋಡೋಣ.

ಅಂಗಡಿ 9ಕ್ಕ ತೆಗಿತೈತಿ ಅಂದ್ರ ಕೆಲಸದವರು ಅದಕ್ಕೂ ಮೊದಲ ಇರಬೇಕು. ಶಟರ್ ಎತ್ತಬೇಕು, ಕಸಾ ಹೊಡಿಬೇಕು, ಬಾಗಿಲ ಮುಂದ ನೀರು ಹಾಕಬೇಕು, ಡ್ರೆಸ್ ಹಾಕಿದ ಗೊಂಬಿ ಹೊರಗ ಇಡಬೇಕು, ಊದಿನಕಡ್ಡಿ ಹಚ್ಚಬೇಕು. ರಾತ್ರಿ 9ಕ್ಕ ಶಟರ್ ಅರ್ಧ ಇಳಿತೈತಿ. ಅರ್ಧ ಇಳಿದ ಶಟರ್ ಗಿರಾಕಿಗೆ ಬಂದ್, ಒಳಗಿದ್ದವರಿಗೆ ಅಲ್ಲ. ದಿನಾ ಪೂರ್ತಿ ಬಿಚ್ಚಿ ತೋರಿಸಿದ ಸೀರಿ ಮಡಚಬೇಕು, ಗಲ್ಲಾ ಎಣಿಸಬೇಕು. ಲೆಕ್ಕ ತಾಳೆ ಆಗ್ಲಿಲ್ಲ ಅಂದ್ರ ಮತ್ತ ಮೊದಲಿಂದ.

"ತಮ್ಮಾ, ಇನ್ನೊಂದು ಐದು ಮಿನಿಟು ನಿಂದ್ರು." ಇದು ನಮ್ಮ ಪೇಟೆಯ ಅತೀ ಉದ್ದನ್ನ ಐದು ಮಿನಿಟು.

ಮನಿಗೆ ಹೋದ ಮ್ಯಾಲೆ ವಾಟ್ಸಾಪ್. "ಆ ಪಾರ್ಟಿಗೆ ನೀಲಿ ಸೀರಿ ಫೋಟೋ ಕಳಸವಾ." ದೀಪಾವಳಿ, ಯುಗಾದಿ, ಮದಿವಿ ಸೀಜನ್ ಬಂದ್ರ ವಾರದ ರಜಾನೂ ಹೋಗ್ತೈತಿ. ಆಡಿಟರ್ ಆಫೀಸಿನಾಗ ಕೆಲಸ ಕಲಿಯೋ ಬಿಕಾಂ ಹುಡುಗರಿಗೆ ತಿಂಗಳ 11 ಮತ್ತು 20ನೇ ತಾರೀಖು ಚಲೋ ಗೊತ್ತು. ಜಿಎಸ್‌ಟಿ ರಿಟರ್ನ್ ಕಟ್ಟೋ ಕಡೀ ದಿನಗಳು ಅವು. ಅದರ ಹಿಂದಿನ ಎರಡು ರಾತ್ರಿ ಎಷ್ಟಕ್ಕ ಮನಿಗೆ ಹೋಗ್ತೀವಿ ಅನ್ನೋದಕ್ಕ ಹೇಳೋರು ಕೇಳೋರು ಇಲ್ಲ. "ಕಲಿಯಾಕ ಬಂದೀಯಪಾ, ಟೈಮ್ ನೋಡಬಾರದು."

ಪೇಟೆಯಾಗ ಮನಿ ಇದ್ದವರಿಗೆ ಅರ್ಧ ತಾಸು ಅಂದ್ರ ಅರ್ಧ ತಾಸು ಅಷ್ಟ. ಹಳ್ಳಿಯವರಿಗೆ ಹಂಗಲ್ಲ. ಕಡೀ ಬಸ್ ತಪ್ಪಿದ್ರ ಅಪ್ಪ ಬೈಕ್ ತಗೊಂಡು ಬರಬೇಕು, ಇಲ್ಲಾ ಯಾರದರ ಮನಿಯಾಗ ಉಳಿಬೇಕು. ಹುಡುಗಿ ಆಗಿದ್ರ ಇಂಥಾದ್ದು ಎರಡು ಸಲ ಆದ್ರ ಮುಗೀತು. "ಸಾಕು ಬಿಡವಾ, ಆ ಪಗಾರಕ್ಕ ಈ ತ್ರಾಸ ಯಾಕ" ಅಂತಾರ ಮನಿಯಾಗ. ಕೆಲಸ ಹೋಗ್ತೈತಿ. ಅದೇ ಪಗಾರದಾಗ ಫೀ ಕಟ್ಟತಿದ್ರ ಓದೂ ಹೋಗ್ತೈತಿ. ಸಾವ್ಕಾರ್ರ ಲೆಕ್ಕದಾಗ ಅದು ಪುಕ್ಕಟೆ ಅರ್ಧ ತಾಸು. ಆಕಿ ಲೆಕ್ಕದಾಗ ಪೂರ್ತಿ ಪದವಿ.

(3/8)

"ಅಂಗಡಿ ಕೆಲಸಕ್ಕ ಎಲ್ಲಿ ಕಾನೂನು ಅದಪಾ" ಅಂತ ಭಾಳ ಮಂದಿ ಕೇಳ್ತಾರ. ಅದ. ಅದೂ 60 ವರ್ಷಕ್ಕಿಂತ ಹಳೇದು.

ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961. ಅದರ ಸಾರ ಇಷ್ಟು:

ದಿನಕ್ಕೆ 9 ತಾಸು, ವಾರಕ್ಕೆ 48 ತಾಸಿಗಿಂತ ಹೆಚ್ಚು ದುಡಿಸುವಂತಿಲ್ಲ.
ಓಟಿ ಸೇರಿಸಿದರೂ ದಿನಕ್ಕೆ 10 ತಾಸು ದಾಟುವಂತಿಲ್ಲ. ಮೂರು ತಿಂಗಳ ಒಟ್ಟು ಓಟಿ 50 ತಾಸು ಮೀರುವಂತಿಲ್ಲ.
ಓಟಿಗೆ ಎರಡು ಪಟ್ಟು ಪಗಾರ ಕೊಡಬೇಕು.
ಸತತ 5 ತಾಸು ಕೆಲಸ ಆಗುವುದರೊಳಗೆ ಕನಿಷ್ಠ ಒಂದು ತಾಸು ವಿಶ್ರಾಂತಿ.
ವಿಶ್ರಾಂತಿ ಸೇರಿ ಇಡೀ ದಿನದ ಹರವು 12 ತಾಸಿನೊಳಗೆ ಇರಬೇಕು.
ವಾರಕ್ಕೊಂದು ದಿನ ರಜೆ.

ಇನ್ನೊಂದು, 2019ರ ವೇತನ ಸಂಹಿತೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಓಟಿಗೆ ಕನಿಷ್ಠ ಎರಡು ಪಟ್ಟು ಅಂತ ಅದೂ ಹೇಳುತ್ತದೆ. ತಿಂಗಳ ಪಗಾರ ಮುಂದಿನ ತಿಂಗಳು 7ನೇ ತಾರೀಖಿನೊಳಗೆ ಕೈಗೆ ಬರಬೇಕು. ಕೆಲಸ ಬಿಟ್ಟರೆ ಅಥವಾ ಬಿಡಿಸಿದರೆ ಎರಡು ಕೆಲಸದ ದಿನದೊಳಗೆ ಬಾಕಿ ಚುಕ್ತಾ ಆಗಬೇಕು. ಗಲ್ಲಾದಲ್ಲಿ ರೊಕ್ಕ ಕಡಿಮೆ ಬಂತು ಅಂತ ಪಗಾರದಲ್ಲಿ ಹಿಡಿಯಬೇಕಾದರೆ, ಅದು ನೇರವಾಗಿ ಆ ನೌಕರರ ನಿರ್ಲಕ್ಷ್ಯದಿಂದಲೇ ಆಗಿರಬೇಕು, ಅವರಿಗೆ ಉತ್ತರ ಕೊಡಲು ಅವಕಾಶ ಕೊಟ್ಟಿರಬೇಕು. ಸುಮ್ನ "ಈ ತಿಂಗಳು 500 ಕಟ್" ಅನ್ನೋ ಹಂಗಿಲ್ಲ.

ಅಂದ್ರ ಕಾನೂನು ಐತಿ. ಇಲ್ಲದ್ದು ಏನು ಅಂದ್ರ ಹೊತ್ತು ಬರೆದಿಡೋ ಹಾಳಿ. ಪಗಾರ ಎಷ್ಟು ಅಂತ ಇಬ್ಬರಿಗೂ ಗೊತ್ತಿರ್ತೈತಿ. ಆ ಪಗಾರ ಎಷ್ಟು ತಾಸಿಗೆ ಅಂತ ಯಾರೂ ಮಾತಾಡಿರಂಗಿಲ್ಲ. ಎಲ್ಲಾ ಸೋರಿಕೆ ಶುರು ಆಗೋದು ಅಲ್ಲಿಂದ.

(4/8)

ಬಿಕಾಂ ಓದಿ ಲೆಕ್ಕ ಹಾಕಲಿಲ್ಲ ಅಂದ್ರ ಹೆಂಗ?

ಮುಂಜಾನೆ 9ಕ್ಕ ಬಂದು ರಾತ್ರಿ 9ಕ್ಕ ಹೋಗೋ ಒಬ್ಬರನ್ನ ತಗೊಳ್ರಿ. ಊಟಕ್ಕ ಒಂದು ತಾಸು ಪೂರ್ತಿ ಸಿಗ್ತೈತಿ ಅಂತಾನ ಹಿಡಿಯೋಣ. ದಿನಕ್ಕ 11 ತಾಸು ಕೆಲಸ. ವಾರಕ್ಕ ಆರು ದಿನ, 66 ತಾಸು. ಕಾನೂನಿನ 48 ಕಳೆದ್ರ ಉಳಿಯೋದು 18. ಮೂರು ತಿಂಗಳು ಅಂದ್ರ 13 ವಾರ, 234 ತಾಸು. ಕಾನೂನು ಒಪ್ಪೋದು 50.

ಈಗ ರೊಕ್ಕ. ಲೆಕ್ಕ ಸಸಾರ ಆಗಲಿ ಅಂತ ಪಗಾರ 10,400 ಹಿಡಿಯೋಣ. ದಿನಕ್ಕ 8 ತಾಸು, 26 ದಿನ, ಒಟ್ಟು 208 ತಾಸು. ತಾಸಿಗೆ 50 ರೂಪಾಯಿ. ಓಟಿಗೆ ಎರಡು ಪಟ್ಟು, 100 ರೂಪಾಯಿ. ದಿನಕ್ಕ ಹೆಚ್ಚಿನ 3 ತಾಸು, 26 ದಿನಕ್ಕ 78 ತಾಸು, 7,800 ರೂಪಾಯಿ.

ಕೈಗೆ ಬಂದದ್ದು 10,400. ಬರದೇ ಹೋದದ್ದು 7,800. ಪಗಾರದ ಮುಕ್ಕಾಲು ಪಾಲು.

ಅಂಥಾ ನಾಲ್ಕು ಮಂದಿ ಇರೋ ಅಂಗಡಿಯಾಗ ತಿಂಗಳಿಗೆ 31,200 ಉಳಿತೈತಿ. ಅದು ಸರಿಯಾಗಿ ಮೂರು ಮಂದಿ ಪಗಾರ. ಅಂದ್ರ ಆ ಅಂಗಡಿ ನಾಲ್ಕು ಮಂದಿಗೆ ಪಗಾರ ಕೊಟ್ಟು ಏಳು ಮಂದಿ ಬೆಲೆಯ ಹೊತ್ತು ತಗೋತೈತಿ.

"12 ತಾಸಿಗೇ ಸೇರಿ 10,400 ಅಂತ ಮಾತಾಡೀವಿ" ಅಂದ್ರ? ಆಗ ತಾಸಿಗೆ ಬೀಳೋದು 36 ರೂಪಾಯಿ ಚಿಲ್ಲರೆ. ಮತ್ತ ಕಾನೂನಿನ ಮಿತಿ ದಾಟಿ ಮಾತಾಡಿಕೊಳ್ಳಾಕ ಬರಂಗಿಲ್ಲ. ಮಾತಾಡಿಕೊಂಡ್ರೂ ಅದು ನಿಲ್ಲಂಗಿಲ್ಲ.

"ನಮ್ಮಲ್ಲಿ ಅಷ್ಟಿಲ್ಲ, ಬರೇ ಹದಿನೈದು ಮಿನಿಟು" ಅನ್ನೋರಿಗೂ ಒಂದು ಲೆಕ್ಕ. 48 ತಾಸು ತುಂಬಿದ ಮ್ಯಾಲೆ ದಿನಕ್ಕ ಹದಿನೈದು ಮಿನಿಟು ಅಂದ್ರ ತಿಂಗಳಿಗೆ ಆರೂವರೆ ತಾಸು, 650 ರೂಪಾಯಿ. ವರ್ಷಕ್ಕ 7,800. ಒಬ್ಬ ಹುಡುಗಿ ಪರೀಕ್ಷಾ ಫೀ, ಪುಸ್ತಕ ಎಲ್ಲಾ ಸೇರಿ ಎಷ್ಟಾಗ್ತೈತಿ ಅಂತ ಮನಿಯಾಗ ಕೇಳಿ ನೋಡ್ರಿ.

(5/8)

ಸಾವ್ಕಾರ್ರ ದೊಡ್ಡ ವಾದ ಒಂದೈತಿ. "ಮಧ್ಯಾಹ್ನ 2ರಿಂದ 4ರತನಕ ಗಿರಾಕಿನೇ ಇರಂಗಿಲ್ಲ. ಸುಮ್ನ ಕುಂತಿರ್ತಾರ. ಅದಕ್ಕೂ ಪಗಾರ ಕೊಡಬೇಕೇನು?"

ಇದಕ್ಕ ಉತ್ತರ ನಮ್ಮ ಕಾಸ್ಟ್ ಅಕೌಂಟಿಂಗ್ ಪುಸ್ತಕದಾಗ ಐತಿ. ಲೇಬರ್ ಕಾಸ್ಟ್ ಪಾಠ, ಐಡಲ್ ಟೈಮ್. ಪರೀಕ್ಷೆಗೆ ಐದು ಮಾರ್ಕಿನ ಪ್ರಶ್ನೆ ಅಂತ ಬಾಯಿಪಾಠ ಮಾಡ್ತೀವಿ, ಅರ್ಥ ಮಾಡ್ಕೊಳ್ಳಂಗಿಲ್ಲ.

ಐಡಲ್ ಟೈಮ್ ಎರಡು ಥರ. ಗೇಟಿನಿಂದ ಕೆಲಸದ ಜಾಗಕ್ಕೆ ಹೋಗುವ ಹೊತ್ತು, ಚಹಾದ ಹೊತ್ತು, ಒಂದು ಕೆಲಸ ಮುಗಿದು ಇನ್ನೊಂದು ಬರುವ ತನಕ ಕಾಯುವ ಹೊತ್ತು, ಇವೆಲ್ಲ ಸಹಜ. ಇದರ ಖರ್ಚು ಮಾಲಿನ ಉತ್ಪಾದನಾ ವೆಚ್ಚದೊಳಗೆ ಸೇರುತ್ತದೆ. ಕರೆಂಟ್ ಹೋಯಿತು, ಮಷಿನ್ ಕೆಟ್ಟಿತು, ಅದು ಅಸಹಜ. ಇದರ ಖರ್ಚು ಲಾಭ ನಷ್ಟದ ಖಾತೆಗೆ ಹೋಗುತ್ತದೆ. ಎರಡರಲ್ಲಿ ಯಾವುದೇ ಆದರೂ ಹೊರೋದು ವ್ಯವಹಾರ. ಕೆಲಸಗಾರನ ಪಗಾರದಾಗ ಕಳೀರಿ ಅಂತ ಯಾವ ಪುಸ್ತಕದಾಗೂ ಬರೆದಿಲ್ಲ.

ಯಾಕಂದ್ರ ಕುಂತ ಹೊತ್ತು ಆಕಿದಲ್ಲ. ಆ ಎರಡು ತಾಸಿನಾಗ ಆಕಿ ಮನಿಗೆ ಹೋಗಾಕ ಬರಂಗಿಲ್ಲ, ಕ್ಲಾಸಿಗೆ ಹೋಗಾಕ ಬರಂಗಿಲ್ಲ, ಮಲಗಾಕ ಬರಂಗಿಲ್ಲ. ಎಷ್ಟೋ ಅಂಗಡಿಯಾಗ ಸ್ಟೂಲೂ ಇರಂಗಿಲ್ಲ, ಖರೇ ಹೇಳಬೇಕಂದ್ರ "ಕುಂತಿರ್ತಾರ" ಅನ್ನೋದೇ ಸುಳ್ಳು. ಕೇರಳದಾಗ ಬಟ್ಟಿ ಅಂಗಡಿ ಹೆಣ್ಮಕ್ಕಳು ಕುಂದ್ರೋ ಹಕ್ಕಿಗೇ ವರ್ಷಗಟ್ಟಲೆ ಹೋರಾಡಿ 2018ರಾಗ ಕಾನೂನು ಬದಲಿ ಮಾಡಿಸಿದ್ರು. 2021ರಾಗ ತಮಿಳುನಾಡೂ ಅದನ್ನ ಮಾಡ್ತು.

ಬಸ್ಸಿನವರ ವಿಷಯ ನೋಡ್ರಿ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಾಗ ಕೆಲಸದ ಹೊತ್ತು ಅಂದ್ರ ಏನು ಅಂತ ಬರೆದಿದ್ರು. ಬಸ್ ಓಡೋ ಹೊತ್ತು, ಅದಕ್ಕ ಸಂಬಂಧಪಟ್ಟ ಉಳಿದ ಕೆಲಸ, ಮತ್ತ ನಿಲ್ದಾಣದಾಗ ಬರೇ ಹಾಜರಿರೋ ಹೊತ್ತು 15 ಮಿನಿಟಿಗಿಂತ ಕಡಿಮಿ ಇದ್ರ ಅದೂ ಸೇರ್ತೈತಿ ಅಂತ. ಈಗ ಆ ಕಾಯ್ದೆ ಹೊಸ ಸಂಹಿತೆಯೊಳಗ ಸೇರೇತಿ. ಆದ್ರ ಅದರಾಗಿನ ಒಂದು ತಿಳುವಳಿಕೆ ಮುಖ್ಯ. ಕಾಯೋದೂ ಕೆಲಸ ಆಗಬಹುದು ಅಂತ ಕಾನೂನೇ ಒಪ್ಪಿತ್ತು. ನನ್ನ ತಕರಾರು ಆ 15 ಮಿನಿಟಿನ ಗೆರಿ ಮ್ಯಾಲೆ. ಮುಂದಿನ ಟ್ರಿಪ್ಪಿಗೆ ಮುಕ್ಕಾಲು ತಾಸು ಕಾಯೋ ಕಂಡಕ್ಟರು ಆ ಮುಕ್ಕಾಲು ತಾಸಿನಾಗ ಎಲ್ಲಿಗೆ ಹೋಗಬೇಕು?

(6/8)

ಈಗ ಪೇಟೆ ಬಿಟ್ಟು ಊರಿಗೆ ಬರ್ರಿ.

ನಮ್ಮ ಎರಿ ಹೊಲದಾಗ ಹೆಸರು ಬಿಡಿಸಾಕ, ಉಳ್ಳಾಗಡ್ಡಿ ಕೀಳಾಕ, ಕಡ್ಲಿ ಕೀಳಾಕ ಹೋಗೋ ಹೆಣ್ಮಕ್ಕಳ ಗುಂಪು ನೋಡೀರೇನು? ಒಬ್ಬಾಕಿ ಮುಂದ ಇರ್ತಾಳ. ಹೊಲಕ್ಕ ಕಾಲಿಡೋಕಿಂತ ಮೊದಲ ಮಾತು ಮುಗಿದಿರ್ತೈತಿ. ಕೂಲಿ ಎಷ್ಟು, ಎಷ್ಟಕ್ಕ ಬರೋದು, ಎಷ್ಟಕ್ಕ ಬಿಡೋದು, ಗಾಡಿ ಯಾರದು. ಹೊತ್ತು ಮೀರಿತು ಅಂದ್ರ ಬುಟ್ಟಿ ಕೆಳಗ. "ಯಣ್ಣಾ, ಇನ್ನೆರಡು ಸಾಲು ಬೇಕಂದ್ರ ಅದಕ್ಕ ಬ್ಯಾರೆ ಕೊಡು." ಇವರಾಗ ಸಹಿ ಮಾಡಾಕ ಬರದವರೂ ಇರ್ತಾರ. ಆದ್ರ ತಮ್ಮ ಹೊತ್ತಿನ ಬೆಲೆ ಡಿಗ್ರಿ ಓದಿದ ನಮಗಿಂತ ಅವರಿಗೆ ಚಲೋ ಗೊತ್ತು. ಯಾಕಂದ್ರ ಅವರು ಗುಂಪಿನಾಗ ಮಾತಾಡ್ತಾರ. ನಾವು ಒಬ್ಬೊಬ್ಬರಾಗಿ ಸಾವ್ಕಾರ್ರ ಟೇಬಲ್ ಮುಂದ ನಿಂತು ಕೈ ಕಟ್ಕೋತೀವಿ.

ಮುಯ್ಯಾಳು ಪದ್ಧತಿ ಹಿರ್ಯಾರನ್ನ ಕೇಳ್ರಿ. ಇವತ್ತು ನೀವು ನಮ್ಮ ಹೊಲಕ್ಕ ಬಂದ್ರ ನಾಳೆ ನಾವು ನಿಮ್ಮ ಹೊಲಕ್ಕ. ರೊಕ್ಕ ಇಲ್ಲ, ಕಾಗದ ಇಲ್ಲ. ಆದ್ರ ಒಂದು ದಿನಕ್ಕ ಒಂದು ದಿನ ತೀರಿಸಲೇಬೇಕು. ನೆರಿಮನಿಯವರ ನಡುವೆ, ಬೀಗರ ನಡುವೆನೂ ಹೊತ್ತು ಪುಕ್ಕಟೆ ಇರಲಿಲ್ಲ. ಹಂಗಾದ್ರ "ಮನಿ ಮಂದಿ ಇದ್ದಂಗ ಇದೀರಿ, ಟೈಮ್ ಯಾಕ ನೋಡ್ತೀರಿ" ಅನ್ನೋ ಮಾತು ಎಲ್ಲಿಂದ ಬಂತು?

ಇನ್ನ ಕೆಲವರು ಕಾಯಕದ ಮಾತು ತೆಗಿತಾರ. ತೆಗೀಲಿ. ಶರಣರ ಕಥಿ ಪೂರ್ತಿ ಓದಿದವರಿಗೆ ಆಯ್ದಕ್ಕಿ ಲಕ್ಕಮ್ಮ ಗೊತ್ತಿರ್ತಾಳ. ಗಂಡ ಮಾರಯ್ಯ ದಿನದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಇದು ನಮಗ ಬೇಕಾದ್ದಕ್ಕಿಂತ ಹೆಚ್ಚು, ಹೊಳ್ಳಿ ಸುರುವಿ ಬಾ ಅಂತ ಕಳಿಸಿದಾಕಿ. ತನ್ನ ಪಾಲಿಗಿಂತ ಹೆಚ್ಚಿನ ಒಂದು ಹಿಡಿ ಅಕ್ಕಿ ಇಟ್ಕೊಳ್ಳೋದು ತಪ್ಪು ಅಂತಿದ್ರ, ಇನ್ನೊಬ್ಬರ ದಿನದಾಗ ತನ್ನ ಪಾಲಿಗಿಂತ ಮೂರು ತಾಸು ಹೆಚ್ಚು ಇಟ್ಕೊಳ್ಳೋದು ಹೆಂಗ ಸರಿ? ಕಾಯಕದ ಮಾತು ದುಡಿಯೋರಿಗೆ ಅಷ್ಟ ಅಲ್ಲ, ದುಡಿಸಿಕೊಳ್ಳೋರಿಗೂ ಐತಿ.

(7/8)

ಇದು ನಮ್ಮ ಜಿಲ್ಲೆಯ ಕಥಿ ಅಷ್ಟ ಅಲ್ಲ.

2020ರ ಡಿಸೆಂಬರ್ 12. ಕೋಲಾರದ ನರಸಾಪುರದಲ್ಲಿ ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಕಾರ್ಮಿಕರ ಸಿಟ್ಟು ಸ್ಫೋಟವಾಯಿತು. ಗಾಜು ಒಡೆದರು, ವಾಹನಕ್ಕೆ ಬೆಂಕಿ ಬಿತ್ತು. ಹಿಂಸೆ ತಪ್ಪೇ, ಅದನ್ನ ಸಮರ್ಥನೆ ಮಾಡಂಗಿಲ್ಲ. ಆದ್ರ ಅದರ ಹಿಂದ ಇದ್ದದ್ದು 12 ತಾಸಿನ ಶಿಫ್ಟು ಮತ್ತ ಸರಿಯಾಗಿ ಬರದ ಪಗಾರ. ಕೆಲವು ಕಾರ್ಮಿಕರಿಗೆ ಸರಿಯಾಗಿ, ಸಕಾಲಕ್ಕೆ ಪಗಾರ ಆಗಿರಲಿಲ್ಲ ಅಂತ ಮುಂದೆ ಕಂಪನಿಯೇ ಒಪ್ಪಿಕೊಂಡು ಕ್ಷಮೆ ಕೇಳಿತು. ಅಷ್ಟು ದೊಡ್ಡ ಕಂಪನಿಯಾಗ ಹಂಗಾದ್ರ ನಾಲ್ಕು ಮಂದಿ ಅಂಗಡಿಯಾಗ ಹೆಂಗಿರಬಹುದು?

ಇಷ್ಟಾದ ಮೇಲೆ ಮಿತಿಗಳು ಬಿಗಿ ಆಗಬೇಕಿತ್ತು. ಆಗಿದ್ದು ಉಲ್ಟಾ. 2023ರಲ್ಲಿ ಕರ್ನಾಟಕ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು, ವಾರಕ್ಕೆ 48 ತಾಸಿನ ಮಿತಿಯೊಳಗೆ ಕಾರ್ಮಿಕರ ಲಿಖಿತ ಒಪ್ಪಿಗೆ ಇದ್ದರೆ ದಿನಕ್ಕೆ 12 ತಾಸು ಅಂತ ಮಾಡಿದರು. ಮೂರು ತಿಂಗಳ ಓಟಿ ಮಿತಿ 75ರಿಂದ 144 ತಾಸಿಗೆ ಏರಿತು. 2024ರ ಜುಲೈನಲ್ಲಿ ಐಟಿ ನೌಕರರಿಗೆ ದಿನಕ್ಕೆ 14 ತಾಸಿನ ಪ್ರಸ್ತಾವ ಬಂತು. ಐಟಿ ನೌಕರರ ಸಂಘ ಕೆಐಟಿಯು ಬೀದಿಗಿಳಿಯಿತು. 2025ರ ಜೂನ್‌ನಲ್ಲಿ ಅಂಗಡಿ ಕಾಯ್ದೆಯಲ್ಲೇ ದಿನದ ಮಿತಿ 9ರಿಂದ 10ಕ್ಕೆ, ಓಟಿ ಸೇರಿ 12ಕ್ಕೆ, ಮೂರು ತಿಂಗಳ ಓಟಿ 50ರಿಂದ 144ಕ್ಕೆ ಏರಿಸುವ ಪ್ರಸ್ತಾವ ಬಂತು. ಮತ್ತೆ ವಿರೋಧ ಬಂತು.

ವಿರೋಧ ಮಾಡಿದ್ದು ಬೆಂಗಳೂರಿನ ಐಟಿ ಮಂದಿ, ಅವರಿಗೆ ಶರಣು. ಆದ್ರ ಆ ಕಾಯ್ದೆಯ ಹೆಸರಿನಾಗ ಕರ್ನಾಟಕ ಅನ್ನೋದು ಬಿಟ್ರ ಮೊದಲನೇ ಶಬ್ದಾನೇ ಅಂಗಡಿ. ಅಂಗಡಿಯವರ ದನಿ ಆ ಚರ್ಚೆಯಾಗ ಎಲ್ಲೂ ಕೇಳಲಿಲ್ಲ. ನಮ್ಮ ಕಾನೂನು ಬದಲಿ ಮಾಡೋ ಮಾತು ನಡೆದಾಗ ನಾವು ಸೀರಿ ಮಡಚಾಕತ್ತಿದ್ವಿ.

2023ರಲ್ಲಿ ನಾರಾಯಣ ಮೂರ್ತಿಯವರು ಯುವಕರು ವಾರಕ್ಕೆ 70 ತಾಸು ದುಡಿಯಬೇಕು ಅಂದಾಗ ದೇಶ ಪೂರ್ತಿ ಚರ್ಚೆ ಆಯ್ತು. ನಾಲ್ಕನೇ ಪೋಸ್ಟಿನ ಲೆಕ್ಕ ನೆನಪೈತೇನು? 66 ತಾಸು. ಇನ್ನ ನಾಲ್ಕ ಕಡಿಮಿ ಅಷ್ಟ. ಇಷ್ಟು ದುಡಿದಾಕಿಗೆ ಷೇರೂ ಇಲ್ಲ, ಬೋನಸ್ಸೂ ಇಲ್ಲ, ಶಾಬಾಸ್ ಅನ್ನೋರೂ ಇಲ್ಲ.

(8/8)

ಸಾವ್ಕಾರ್ರ ಕಡೆಯ ಮಾತೂ ಕೇಳಬೇಕು. ಸಣ್ಣ ಅಂಗಡಿಯವರೂ 12 ತಾಸು ಕುಂದ್ರತಾರ. ಬಾಡಿಗಿ, ಬ್ಯಾಂಕ್ ಕಂತು, ಆನ್‌ಲೈನ್ ಹೊಡೆತ, ಎಲ್ಲಾ ಖರೇ. ಆದ್ರ ಅವರು ಕುಂತ ಹೊತ್ತಿನ ಲಾಭ ಅವರಿಗೇ ಬರ್ತೈತಿ. ಅದಕ್ಕ ಕಾಯ್ದೆಯಾಗ ಮಾಲಕರ ಮನಿ ಮಂದಿ ನೌಕರರ ಲೆಕ್ಕಕ್ಕ ಬರಂಗಿಲ್ಲ. ತಮ್ಮ ಅಂಗಡಿಗೆ ತಾವು ಎಷ್ಟರ ದುಡೀಲಿ. ಪಗಾರದವರ ಹೊತ್ತು ಬ್ಯಾರೆ.

ಮತ್ತ ಇದಕ್ಕ ಹೊಸ ಖರ್ಚು ಬೇಕಾಗೇ ಇಲ್ಲದ ದಾರಿ ಐತಿ. ನಾಲ್ಕು ಮಂದಿ ಇದ್ರ ಇಬ್ಬರು 9ರಿಂದ 6, ಇಬ್ಬರು 12ರಿಂದ 9. ಊಟದ ತಾಸು ಕಳೆದ್ರ ಎಲ್ಲರಿಗೂ 8 ತಾಸು. ಅಂಗಡಿ 12 ತಾಸೂ ತೆರೆದಿರ್ತೈತಿ. ಮಧ್ಯಾಹ್ನ ಊಟದ ಹೊತ್ತಿಗೆ ನಾಲ್ವರೂ ಇರ್ತಾರ. ದೂರದ ಹಳ್ಳಿಯವರಿಗೆ ಮುಂಜಾನೆಯ ಪಾಳಿ ಕೊಟ್ರ ಕಡೀ ಬಸ್ಸಿನ ಚಿಂತೀನೂ ಇಲ್ಲ. ಮನಸ್ಸು ಮಾಡಬೇಕು ಅಷ್ಟ.

ನಾವು ಮಾಡಬೇಕಾದ್ದು:

ಒಂದು ಸಣ್ಣ ನೋಟ್‌ಬುಕ್ ಇಡ್ರಿ. ದಿನಾ ಬಂದದ್ದು, ಹೋದದ್ದು, ಊಟಕ್ಕ ಸಿಕ್ಕ ಹೊತ್ತು. ಪೆನ್ನಿನಾಗ, ತಾರೀಖು ಹಾಕಿ. ಬಸ್ ಟಿಕೆಟ್ ಇದ್ರ ಅದರಾಗ ಇಡ್ರಿ, ಅದರ ಮ್ಯಾಲೆ ಟೈಮ್ ಇರ್ತೈತಿ. ರಾತ್ರಿ ಬಂದ ವಾಟ್ಸಾಪ್ ಮೆಸೇಜ್ ಅಳಿಸಬ್ಯಾಡ್ರಿ.

ಕೆಲಸಕ್ಕ ಸೇರುವಾಗ ಪಗಾರ ಕೇಳಿದಂಗ ತಾಸೂ ಕೇಳ್ರಿ. "ಎಷ್ಟಕ್ಕ ಬಿಡ್ತೀರಿ ಸರ್?" ಅನ್ನೋದು ಸೊಕ್ಕಿನ ಮಾತಲ್ಲ.

ಒಬ್ಬರೇ ಹೋಗಿ ಕೇಳಬ್ಯಾಡ್ರಿ. ಉಳ್ಳಾಗಡ್ಡಿ ಕೀಳೋ ಅಕ್ಕಂದಿರಂಗ ಗುಂಪಾಗಿ ಕೇಳ್ರಿ. ಅಕ್ಕಪಕ್ಕದ ಮೂರು ಅಂಗಡಿಯವರು ಸೇರಿದ್ರೂ ಸಾಕು.

ಮಾತಿನಾಗ ಬಗೆಹರಿಲಿಲ್ಲ ಅಂದ್ರ ಕಾರ್ಮಿಕ ನಿರೀಕ್ಷಕರ ಕಚೇರಿ ಐತಿ, ಕಾರ್ಮಿಕ ಇಲಾಖೆ ಸಹಾಯವಾಣಿ 155214 ಐತಿ. ವೇತನ ಸಂಹಿತೆ ಪ್ರಕಾರ ಬಾಕಿ ಪಗಾರ ಕೇಳಲು ಮೂರು ವರ್ಷದ ಅವಧಿ ಇದೆ. ಅಂದರೆ ಕೆಲಸ ಬಿಟ್ಟ ಮೇಲೂ ಕೇಳಬಹುದು. ಇನ್ನೂ ದೊಡ್ಡ ಮಾತು, ಪಗಾರ ಕೊಟ್ಟಿದ್ದೇನೆ ಅಂತ ಸಾಬೀತು ಮಾಡುವ ಹೊಣೆ ಮಾಲೀಕರದ್ದು. ದುಡಿದ ಹೊತ್ತು ತೋರಿಸಾಕ ನಿಮ್ಮ ನೋಟ್‌ಬುಕ್ ಬೇಕು, ಅದಕ್ಕ ಅದನ್ನ ಇವತ್ತ ಶುರು ಮಾಡ್ರಿ.

ಕೆಲಸ ಹೋಗ್ತೈತಿ ಅನ್ನೋ ಅಂಜಿಕಿ ಐತಿ, ಅದು ಸುಳ್ಳಲ್ಲ. ಒಬ್ಬರು ಬಿಟ್ರ ಹತ್ತು ಮಂದಿ ಸಾಲಿನಾಗ ಅದಾರ. ಆದ್ರ ಆ ಹತ್ತೂ ಮಂದಿ ಸೇರುವಾಗ "ಎಷ್ಟು ತಾಸು?" ಅಂತ ಕೇಳಿದ್ರ ಆ ಅಂಜಿಕಿ ಆ ಕಡಿಗೆ ಹೋಗ್ತೈತಿ. ಅಲ್ಲಿತನಕ ಮೊದಲು ಬರೆದಿಡೋಣ.

ಕಾಮೆಂಟಿನಾಗ ನಿಮ್ಮ ಟೈಮ್ ಬರೀರಿ. ಎಷ್ಟಕ್ಕ ಹೋಗ್ತೀರಿ, ಎಷ್ಟಕ್ಕ ಬಿಡ್ತಾರ, ಕಡೀ ಬಸ್ ಎಷ್ಟಕ್ಕ. ಅಂಗಡಿ ಹೆಸರು ಬ್ಯಾಡ, ನಿಮ್ಮ ಹೆಸರೂ ಬ್ಯಾಡ, ತಾಸು ಅಷ್ಟ ಸಾಕು. ಅಂಗಡಿಯಾಗ ಕೆಲಸ ಮಾಡೋ ಅಕ್ಕ, ತಮ್ಮ, ಗೆಳತಿ ಯಾರರ ಇದ್ರ ಮೂರನೇ ಪೋಸ್ಟ್ ಅವರಿಗೆ ಕಳಿಸ್ರಿ.

#ಬೆಳವಣಕಿ #ರೋಣ #ಗದಗ #ಅಂಗಡಿಕೆಲಸ #ಎಷ್ಟುತಾಸು #ಕಾರ್ಮಿಕಹಕ್ಕು #ಬಿಕಾಂಲೆಕ್ಕ